ಕೋಲಿನ ಮೊನೆ, ಚೆಂಡಿನ ದಾರಿ

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಹರಿಯುವ ಹೊಳೆ ದಾಟುವ ದೋಣಿಯವನು ಸೇರಬೇಕಾದ ಜಾಗಕ್ಕೆ ನೇರವಾಗಿ ದೋಣಿ ತಿರುಗಿಸುವುದಿಲ್ಲ. ಸೆಳೆತ ಎಷ್ಟು ಕೆಳಗೆ ಒಯ್ಯುತ್ತದೆಂದು ತಿಳಿದು, ತುಸು ಮೇಲಕ್ಕೆ ಗುರಿ ಹಿಡಿಯುತ್ತಾನೆ.

ಸ್ನೂಕರ್ ಆಟಗಾರನಿಗೂ ಇಂಥದೇ ಲೆಕ್ಕವಿದೆ. ಬಿಳಿ ಚೆಂಡಿನ ಬಲಬದಿಗೆ ಹೊಡೆದರೆ ಅದು ಕೋಲು ತೋರಿಸಿದ ದಾರಿ ಬಿಟ್ಟು ಸ್ವಲ್ಪ ಎಡಕ್ಕೆ ಸರಿಯುತ್ತದೆ. ಇದೇ ಡಿಫ್ಲೆಕ್ಷನ್.

ಈ ತೊಡಕು ಬೆಳೆದದ್ದು ಒಂದು ಸುಧಾರಣೆಯ ಬೆನ್ನಿಗೆ. ಹಿಂದೆ ಕೋಲಿನ ತುದಿ ಬರಿಯ ಮರವಾಗಿತ್ತು. ಚೆಂಡಿನ ಬದಿಗೆ ಹೊಡೆದರೆ ಜಾರುತ್ತಿತ್ತು. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸೇನಾಧಿಕಾರಿ ಮಿಂಗೋ ತೊಗಲಿನ ತುದಿಯನ್ನು ಬಳಕೆಗೆ ತಂದು, ಚೆಂಡನ್ನು ಬುಗುರಿಯಂತೆ ತಿರುಗಿಸಿ ತೋರಿಸಿದ. 1827ರಲ್ಲಿ ಈ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ. 1875ರಲ್ಲಿ ಜಬಲ್ಪುರದಲ್ಲಿ ಹುಟ್ಟಿ, ನಮ್ಮ ನೆರೆಯ ಊಟಿಯ ಕ್ಲಬ್ಬಿನಲ್ಲಿ ನಿಯಮ ಪಡೆದ ಸ್ನೂಕರಿಗೆ ಈ ಕಲೆ ಸಿದ್ಧವಾಗಿಯೇ ದೊರೆಯಿತು.

ಚೆಂಡು ಸರಿಯುವುದೇಕೆ? ತುದಿ ಚೆಂಡಿಗೆ ತಾಗಿರುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗ ಮಾತ್ರ. ಅಷ್ಟರಲ್ಲಿ ಇಡೀ ಕೋಲು ಪಕ್ಕಕ್ಕೆ ಸರಿಯಲಾರದು. ಸರಿಯುವುದು ಮುಂದಿನ ಕೆಲವು ಅಂಗುಲ. ಆ ಭಾಗ ಭಾರವಾಗಿದ್ದಷ್ಟೂ ಚೆಂಡನ್ನು ಹೆಚ್ಚು ತಳ್ಳುತ್ತದೆ. ಆದ್ದರಿಂದ ಮುಖ್ಯವಾದುದು ಕೋಲಿನ ಒಟ್ಟು ತೂಕವಲ್ಲ, ಮೊನೆಯ ತೂಕ. ಸ್ನೂಕರ್ ಕೋಲು ಸಾಮಾನ್ಯವಾಗಿ ಆ್ಯಶ್ ಮರದ್ದು, ತುದಿ 9ರಿಂದ 10 ಮಿಲಿಮೀಟರ್. ಪೂಲ್ ಕೋಲು ಹೆಚ್ಚಾಗಿ ಮೇಪಲ್ ಮರದ್ದು, ತುದಿ 12ರಿಂದ 13 ಮಿಲಿಮೀಟರ್. ಅದರ ಚೆಂಡೂ ದೊಡ್ಡದು. 1994ರಲ್ಲಿ ಅಮೆರಿಕದ ಪ್ರಿಡೇಟರ್ ಕಂಪೆನಿ ಪೂಲ್ ಕೋಲಿನ ಮುಂಭಾಗವನ್ನು ಟೊಳ್ಳು ಮಾಡಿ ಹಗುರಗೊಳಿಸಿತು. ಮುಂದೆ ಕಾರ್ಬನ್ ಫೈಬರ್ ಕೋಲುಗಳೂ ಬಂದವು. ಡಿಫ್ಲೆಕ್ಷನ್ ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ಹಾಗಾದರೆ ದುಬಾರಿ ಕೋಲು ಕೊಂಡರೆ ಗೆಲುವು ಖಚಿತವೇ? ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿ ಬಾಲ್ಯದಲ್ಲಿ ಸಿಕ್ಕ ಅಗ್ಗದ ಕೋಲಿನಿಂದಲೇ 1990ರಿಂದ 1999ರೊಳಗೆ ಏಳು ಬಾರಿ ವಿಶ್ವ ಚಾಂಪಿಯನ್ ಆದರು. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿಯಿತು. ಆ ಬಳಿಕ ಅವರಿಗೆ ವಿಶ್ವ ಕಿರೀಟ ಮತ್ತೆ ದಕ್ಕಲಿಲ್ಲ. ಅದೇ ವರ್ಷ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದ ಬೆಂಗಳೂರಿನ ಪಂಕಜ್ ಅಡ್ವಾಣಿ ಅವರ ಹಿಂದೆಯೂ ಗುರು ಅರವಿಂದ್ ಸವೂರ್ ಅವರ ಬಳಿ ನಡೆಸಿದ ಸಾಧನೆಯಿತ್ತು.

ಹೊಳೆಯ ಸೆಳೆತ ಅರಿತವನಿಗೆ ಹಳೆಯ ದೋಣಿಯೂ ದಡ ಸೇರಿಸುತ್ತದೆ. ತನ್ನ ಕೋಲು ಚೆಂಡನ್ನು ಎಷ್ಟು ಸರಿಸುತ್ತದೆಂದು ಕೈಗೆ ತಿಳಿದಿರಬೇಕು, ಅಷ್ಟೆ.