ಬೆನ್ನ ಮೇಲಿನ ಹೆಸರು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಊರುಗಳಲ್ಲಿ ಯಾವ ಕಾಲೇಜಿನ ಕಬಡ್ಡಿ ನೋಡಲು ಹೋದರೂ ಆಟಗಾರರ ಬೆನ್ನ ಮೇಲೆ ಒಂದು ಹೆಸರನ್ನು ಓದಬಹುದು. ಬಟ್ಟೆ ಅಂಗಡಿಯದೋ, ಗೊಬ್ಬರದ ಅಂಗಡಿಯದೋ, ಚುನಾವಣೆ ಹತ್ತಿರ ಬಂದಿದ್ದರೆ ಯಾರೋ ಮುಖಂಡರದೋ. ಕಾಲೇಜಿನ ಹೆಸರು ಎದೆಯ ಮೇಲೆ ಸಣ್ಣ ಅಕ್ಷರಗಳಲ್ಲಿ, ಅಂಗಿ ಕೊಡಿಸಿದವರ ಹೆಸರು ಬೆನ್ನ ಮೇಲೆ ದೊಡ್ಡ ಅಕ್ಷರಗಳಲ್ಲಿ. ನೋಡಲು ಬಂದವರಲ್ಲಿ ಇದರ ಮೇಲೆ ವಾದ ಹತ್ತುತ್ತದೆ. “ಅಂಗಿ ಕೊಡಿಸ್ಯಾರ, ಹೆಸರು ಹಾಕಿಸ್ಯಾರ. ತಪ್ಪೇನೈತ್ರಿ?” ಎನ್ನುತ್ತಾರೆ ಒಬ್ಬರು. “ನಮ್ಮ ಹುಡಿಗ್ಯಾರ ಬೆನ್ನು ಏನ್ ಅಂಗಡಿ ಬೋರ್ಡೇನ್ರಿ?” ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ಆ ಅಂಗಿಯನ್ನು ಹೊಲಿದವರು ಯಾರು ಎಂಬ ಮೂರನೆಯ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಆ ಪ್ರಶ್ನೆಯನ್ನು ದೊಡ್ಡ ದನಿಯಲ್ಲಿ ಕೇಳಿದವರು ಅಮೆರಿಕದ ಕಾಲೇಜು ಹುಡುಗ ಹುಡುಗಿಯರು. ಅಲ್ಲಿ ವಿಶ್ವವಿದ್ಯಾಲಯದ ಆಟವೆಂದರೆ ದೊಡ್ಡ ಜಾತ್ರೆ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್ಬಾಲ್ ಮೈದಾನವೊಂದರಲ್ಲೇ ಲಕ್ಷಕ್ಕೂ ಹೆಚ್ಚು ಜನ ಕೂಡುತ್ತಾರೆ. 1994ರಲ್ಲಿ ಈ ವಿಶ್ವವಿದ್ಯಾಲಯ ನೈಕಿ ಕಂಪನಿಯೊಡನೆ ದೊಡ್ಡ ಒಪ್ಪಂದ ಮಾಡಿಕೊಂಡಿತು. ಆಟಗಾರರಿಗೆ ಬೂಟು, ಬಟ್ಟೆ. ಪ್ರತಿಯಾಗಿ ಅಂಗಿಯ ಮೇಲೆ ಕಂಪನಿಯ ಗುರುತು. ಬೇರೆ ವಿಶ್ವವಿದ್ಯಾಲಯಗಳೂ ಇದೇ ದಾರಿ ಹಿಡಿದವು. ಯಾರಿಗೆ ಹೆಚ್ಚು ಹಣ ಬಂತು, ಬಣ್ಣ ಹೊಂದಿತೋ ಇಲ್ಲವೋ ಎಂದು ಅಭಿಮಾನಿಗಳು ಜಗಳಾಡಿದರು.

ಅಷ್ಟರಲ್ಲಿ ಕೆಲವು ವಿದ್ಯಾರ್ಥಿಗಳು ಅಂಗಿಯ ಕಾಲರಿನ ಒಳಗಿನ ಚೀಟಿ ಓದತೊಡಗಿದ್ದರು. ಯಾವ ದೇಶದಲ್ಲಿ ಹೊಲಿದದ್ದು, ಹೊಲಿದವಳಿಗೆ ಎಷ್ಟು ಕೂಲಿ ಎಂದು ಕೇಳಿದರು. ಅವರು 1998ರಲ್ಲಿ ಸಂಘಟನೆ ಕಟ್ಟಿದರು. 1999ರಲ್ಲಿ ಡ್ಯೂಕ್, ಜಾರ್ಜ್‌ಟೌನ್, ವಿಸ್ಕಾನ್ಸಿನ್ ಮುಂತಾದ ಕಡೆ ಆಡಳಿತ ಕಚೇರಿಗಳಲ್ಲೇ ಧರಣಿ ಕುಳಿತರು. 2000ದಲ್ಲಿ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸಂಸ್ಥೆ ಹುಟ್ಟಿತು. ವಿಶ್ವವಿದ್ಯಾಲಯದ ಹೆಸರು ಹೊತ್ತ ಬಟ್ಟೆ ತಯಾರಾಗುವ ಕಾರ್ಖಾನೆಗಳಿಗೆ ಹೋಗಿ ತನಿಖೆ ಮಾಡುವುದು ಅದರ ಕೆಲಸ.

ಇದಕ್ಕೆ ಬೆಲೆ ತೆರಬೇಕಾಯಿತು. ಒರೆಗಾನ್ ವಿಶ್ವವಿದ್ಯಾಲಯ ಆ ಸಂಸ್ಥೆಯನ್ನು ಸೇರಿದಾಗ, ಅಲ್ಲಿಯೇ ಓದಿ ಬೆಳೆದಿದ್ದ ನೈಕಿಯ ಫಿಲ್ ನೈಟ್, ಇನ್ನು ಮುಂದೆ ದಾನ ಕೊಡುವುದಿಲ್ಲವೆಂದರು. ಮೈದಾನ ದೊಡ್ಡದು ಮಾಡಲು ಬರಬೇಕಿದ್ದ ಸುಮಾರು 3 ಕೋಟಿ ಡಾಲರು ನಿಂತಿತು. ಕೊನೆಗೆ ವಿಶ್ವವಿದ್ಯಾಲಯ ಹಿಂದೆ ಸರಿಯಿತು, ದಾನವೂ ಮರಳಿ ಬಂತು. ಕೊಡುವವನ ಕೈ ಎಷ್ಟು ಉದ್ದವೆಂಬುದು ನಮಗೆ ಹೊಸ ಪಾಠವೇನಲ್ಲ. ಆದರೂ ಹುಡುಗರು ಸುಮ್ಮನಾಗಲಿಲ್ಲ. ಹೊಂಡುರಾಸ್ ದೇಶದ ಕಾರ್ಮಿಕರು ಸಂಘ ಕಟ್ಟಿದ ಮೇಲೆ ರಸೆಲ್ ಕಂಪನಿ ಅಲ್ಲಿಯ ಕಾರ್ಖಾನೆಗೆ ಬೀಗ ಹಾಕಿತ್ತು. 2009ರಲ್ಲಿ ನೂರರ ಹತ್ತಿರ ವಿಶ್ವವಿದ್ಯಾಲಯಗಳು ಆ ಕಂಪನಿಯೊಡನೆ ವ್ಯವಹಾರ ಮುರಿದವು. ವರ್ಷ ಮುಗಿಯುವುದರೊಳಗೆ 1,200 ಮಂದಿಗೆ ಕೆಲಸ ಮರಳಿ ಸಿಕ್ಕಿತು.

ದೂರದ ಕಥೆಯೆಂದು ನಾವು ಮಗ್ಗುಲಾಗುವ ಹಾಗಿಲ್ಲ. ಹೊಲಿಗೆಯ ದಾರ ಬೆಂಗಳೂರಿನವರೆಗೂ ಬರುತ್ತದೆ. ಅಲ್ಲಿಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಸಾವಿರಾರು ಹೆಂಗಸರು ಬೀದಿಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ಪಡೆಯಿತು.

2020ರ ಏಪ್ರಿಲ್‌ನಿಂದ ಇವರಿಗೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಹೆಚ್ಚಬೇಕಿತ್ತು. ಕೊರೋನಾದ ಕಾಲದಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಕೊಡಲೇಬೇಕೆಂದು ಹೈಕೋರ್ಟು ಹೇಳಿದ ಮೇಲೂ ಕಾರ್ಖಾನೆಗಳು ಕೊಡಲಿಲ್ಲ. ಹೀಗೆ ಬಾಕಿ ಉಳಿದವರ ಸಂಖ್ಯೆ ನಾಲ್ಕು ಲಕ್ಷಕ್ಕೂ ಹೆಚ್ಚೆಂದು ಜಗತ್ತಿಗೆ ಸಾರಿದ್ದು, ಕಾಲೇಜು ಅಂಗಿಯ ಜಗಳದಲ್ಲಿ ಹುಟ್ಟಿದ ಅದೇ ಸಂಸ್ಥೆ. ಇಲ್ಲಿಯ ಕಾರ್ಮಿಕ ಸಂಘಗಳು ಪಟ್ಟು ಬಿಡಲಿಲ್ಲ. ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳಿಗೂ ಬಿಸಿ ತಟ್ಟಿತು. 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು.

417 ರೂಪಾಯಿ ಎಂದರೆ ದಿನಕ್ಕೆ 16 ರೂಪಾಯಿ. ನಮಗೆ ಅದು ಒಂದು ಸೂಡು ಕೊತ್ತಂಬರಿಯ ಮಾತು. ಆದರೆ ವರ್ಷಕ್ಕೆ ಐದು ಸಾವಿರ: ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟುಬಂದ ಮಗುವಿನ ಶಾಲೆಯ ಖರ್ಚು.

ನಮ್ಮ ತಾಲೂಕುಗಳ ಹೆಣ್ಣುಮಕ್ಕಳೂ ರಾತ್ರಿ ಬಸ್ಸು ಹತ್ತಿ ಆ ಮಶೀನುಗಳ ಮುಂದೆ ಕೂತಿದ್ದಾರೆ. ತಂಗಿ ಅಂಗಳದಲ್ಲಿ ಕಬಡ್ಡಿ ಆಡುತ್ತಾಳೆ, ಅಕ್ಕ ಯಾರದೋ ಆಟದ ಅಂಗಿಗೆ ತೋಳು ಜೋಡಿಸುತ್ತಾಳೆ. ಅಂಗಡಿಯವರ ಹೆಸರು ಬೆನ್ನ ಮೇಲಿರಲಿ, ಬೇಡವೆನ್ನುವುದಿಲ್ಲ; ಬರಿಗೈಯ ಕಾಲೇಜಿಗೆ ಅದೂ ಆಸರೆಯೇ. ಅಂಗಿ ತರಿಸುವ ಮುಂಚೆ ಮಾತ್ರ, ನಮ್ಮೂರ ಹೊಲಿಗೆಯ ಹೆಂಗಸರಿಂದ ಹೊಲಿಸಿದರೆ ಎಷ್ಟಾಗುತ್ತದೆ, ಅವರ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳೋಣ. ಆ ಲೆಕ್ಕ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ?