ದೂರವೈದ್ಯ: ಬರೆದವರು ಯಾರು, ಬರೆಯದವರು ಯಾರು?

ರೋಗಿ ಒಂದೂರಿನಲ್ಲಿ, ವೈದ್ಯರು ಇನ್ನೊಂದೂರಿನಲ್ಲಿ. ನಡುವೆ ತಂತಿ ಅಥವಾ ಉಪಗ್ರಹ. ಇದೇ ಟೆಲಿಮೆಡಿಸಿನ್, ಅಂದರೆ ದೂರವೈದ್ಯ. ಇದು ನಿನ್ನೆ ಮೊನ್ನೆಯದೆಂದು ತಾವು ಭಾವಿಸಿರಬಹುದು. ಆದರೆ ಈ ಕುರಿತ ಸಂಶೋಧನಾ ಬರವಣಿಗೆಗೆ ನೂರು ವರ್ಷ ಮೀರಿದೆ.

ಹಾಲೆಂಡಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಥೋವೆನ್ ಅವರ ಇಸಿಜಿ ಯಂತ್ರ ಆಸ್ಪತ್ರೆಗೆ ಹೊತ್ತೊಯ್ಯಲಾಗದಷ್ಟು ಭಾರವಾಗಿತ್ತು. ಆದ್ದರಿಂದ 1905ರಲ್ಲಿ ಅವರು ರೋಗಿಯ ಹೃದಯದ ವಿದ್ಯುತ್ ಸಂಕೇತಗಳನ್ನೇ ದೂರವಾಣಿ ತಂತಿಯ ಮೂಲಕ, ಸುಮಾರು ಒಂದೂವರೆ ಕಿಲೋಮೀಟರು ದೂರದ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಮರುವರ್ಷ ಅದರ ವಿವರ ಪ್ರಕಟವಾಯಿತು. ಡಚ್ಚರಾದ ಅವರು ಬರೆದದ್ದು ಫ್ರೆಂಚ್ ಭಾಷೆಯಲ್ಲಿ ಎಂಬುದನ್ನು ಗಮನಿಸಿ. ವಿಜ್ಞಾನಕ್ಕೆ ಓದುಗರು ಎಲ್ಲಿರುವರೋ ಅಲ್ಲಿನ ಭಾಷೆಯೇ ಗತಿ.

ಮುಂದೆ ಆ ಸ್ಥಾನ ಇಂಗ್ಲಿಷಿನದಾಯಿತು. ಅಮೆರಿಕದ ನೆಬ್ರಾಸ್ಕದ ಮನೋವೈದ್ಯರು ದ್ವಿಮುಖ ಟೆಲಿವಿಷನ್ ಮೂಲಕ ಸಾಮೂಹಿಕ ಚಿಕಿತ್ಸೆ ನಡೆಸಿ, 1961ರಲ್ಲಿ ಆ ಅನುಭವವನ್ನು ಪ್ರಕಟಿಸಿದರು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1993ರಲ್ಲಿ ಟೆಲಿಮೆಡಿಸಿನ್ ಎಂಬ ಪದವನ್ನು ತನ್ನ ವಿಷಯಸೂಚಿಗೆ ಸೇರಿಸಿತು. ಅಲ್ಲಲ್ಲಿ ಚದುರಿದ್ದ ಲೇಖನಗಳನ್ನು ಒಂದೇ ಹೆಸರಿನಡಿ ಹುಡುಕಿ ಎಣಿಸಲು ಇದರಿಂದ ಅನುಕೂಲವಾಯಿತು. 1995ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಈ ವಿಷಯಕ್ಕೇ ಮೀಸಲಾದ ನಿಯತಕಾಲಿಕೆಗಳು ಹುಟ್ಟಿದವು.

ಒಟ್ಟು ಎಣಿಕೆಯಲ್ಲಿ ಅಮೆರಿಕವೇ ಮುಂದು. ಆದರೆ ಜನಸಂಖ್ಯೆಗೆ ಹೋಲಿಸಿದರೆ ನಾರ್ವೆ, ಆಸ್ಟ್ರೇಲಿಯಗಳ ಪಾಲು ದೊಡ್ಡದು. ಊರುಗಳ ನಡುವೆ ಅಪಾರ ದೂರ, ಸೇವೆಗೆ ಸರ್ಕಾರದ ಹಣ, ಬರೆಯಲು ವಿಶ್ವವಿದ್ಯಾಲಯಗಳ ಬೆಂಬಲ: ಈ ಮೂರೂ ಅಲ್ಲಿ ಕೂಡಿಬಂದವು.

ನಮ್ಮಲ್ಲಿ ದೂರವಿತ್ತು, ಅಗತ್ಯವೂ ಇತ್ತು. ಇಸ್ರೋ ಸಂಸ್ಥೆ 2001ರಲ್ಲಿ ದೂರವೈದ್ಯದ ಪ್ರಯೋಗಕ್ಕೆ ಕೈಹಾಕಿತು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಉಪಗ್ರಹದ ಮೂಲಕ ಬೆಂಗಳೂರಿನ ಹೃದ್ರೋಗ ತಜ್ಞರ ಸಂಪರ್ಕಕ್ಕೆ ಬಂದವು. ಆದರೆ ಹೊರಗೆ ರೋಗಿಗಳ ಸಾಲು ಕಾದಿರುವಾಗ ಸಣ್ಣ ಊರಿನ ವೈದ್ಯರು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವುದೆಂದಿಗೆ?

ಕೋವಿಡ್ ಬಂದ 2020ರಲ್ಲಿ ಜಗತ್ತಿನೆಲ್ಲೆಡೆ ಇಂಥ ಲೇಖನಗಳ ಪ್ರವಾಹವೇ ಹರಿಯಿತು. ಭಾರತವೂ ಅದೇ ಮಾರ್ಚ್ 25ರಂದು ದೂರವೈದ್ಯದ ಮಾರ್ಗಸೂಚಿಯನ್ನು ಹೊರಡಿಸಿತು.

ಆದ್ದರಿಂದ ಯಾವ ದೇಶ ಎಷ್ಟು ಲೇಖನ ಪ್ರಕಟಿಸಿತೆಂಬ ಪಟ್ಟಿಯನ್ನು ಕಂಡಾಗ ಒಂದು ಮಾತು ನೆನಪಿರಲಿ. ಅದು ಬರೆದವರ ಲೆಕ್ಕ, ಗುಣವಾದವರ ಲೆಕ್ಕವಲ್ಲ. ಹಾಗೆಂದು ಬರೆಯದೆ ಬಿಡುವಂತೆಯೂ ಇಲ್ಲ. ಒಂದು ಹಳ್ಳಿಯಲ್ಲಿ ಯಾವುದು ಫಲಿಸಿತು, ಯಾವುದು ಕೆಟ್ಟಿತು ಎಂಬುದು ದಾಖಲಾಗದಿದ್ದರೆ, ಪಕ್ಕದ ತಾಲ್ಲೂಕಿನವರು ಮತ್ತೆ ಮೊದಲಿನಿಂದಲೇ ಕಲಿಯಬೇಕಾಗುತ್ತದೆ. ಆ ಕಲಿಕೆಯ ಬೆಲೆ ತೆರುವವರು ರೋಗಿಗಳು.