ಗಾಜಿನ ತೊಟ್ಟಿಯ ಉಸಿರು

ನಿಮ್ಮ ಮನೆಯ ಪಡಸಾಲೆಯಲ್ಲಿ ಮೀನಿನ ತೊಟ್ಟಿಯಿದ್ದರೆ, ಬೇಸಿಗೆಯ ಮುಂಜಾನೆ ಮೀನುಗಳೆಲ್ಲ ಮೇಲಕ್ಕೆ ಬಂದು, ನೀರಿನ ಮೈಗೆ ಬಾಯಿ ಹಚ್ಚಿ ತೆರೆದು ಮುಚ್ಚುವುದನ್ನು ನೀವು ಕಂಡಿರಬಹುದು. ಹಸಿವೆಂದು ತಿಳಿದು ಇನ್ನೊಂದು ಚಿಟಿಕೆ ಆಹಾರ ಉದುರಿಸುವವರೇ ಹೆಚ್ಚು. ಅದು ಹಸಿವಲ್ಲ, ಉಬ್ಬಸ. ಉದುರಿಸಿದ ಆಹಾರ ಕೊಳೆಯುತ್ತ, ಇದ್ದ ಅಲ್ಪಸ್ವಲ್ಪ ಆಮ್ಲಜನಕವನ್ನೂ ಕಬಳಿಸುತ್ತದೆ. ಈ ಉಬ್ಬಸದ ನಿಜವಾದ ಕಾರಣ ಸಾಮಾನ್ಯ ಹವ್ಯಾಸಿಗಳಿಗೆ ತಿಳಿಯಲು ಹೆಚ್ಚುಕಡಮೆ ನೂರು ವರ್ಷ ಹಿಡಿಯಿತು. ಸೋಜಿಗವೆಂದರೆ, ಅದರ ಮದ್ದು ಮೊದಲೇ ಒಬ್ಬ ಮನೆಗೆಲಸದ ಹುಡುಗಿಯ ಕೈಯಲ್ಲಿತ್ತು.

1846ರ ಮಾತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಧರ್ಮಾಧಿಕಾರಿಯೊಬ್ಬರ ಪತ್ನಿ ಆನಾ ಥಿನ್ ಎಂಬಾಕೆ ಟಾರ್ಕಿ ಎಂಬ ಕಡಲೂರಿಗೆ ಹೋಗಿದ್ದಾಗ ಕಲ್ಲುಹವಳದ ಜೀವಿಗಳನ್ನು ಕಂಡು ಮರುಳಾದಳು. ಅವನ್ನು ಸೂಜಿದಾರದಿಂದ ಒಂದು ಸ್ಪಂಜಿಗೆ ಬಿಗಿದು, ಕಡಲ ನೀರಿನ ಜಾಡಿಯಲ್ಲಿಟ್ಟು ಊರಿಗೆ ತಂದಳು. ಲಂಡನ್ನಿನಲ್ಲಿ ಸಮುದ್ರವೆಲ್ಲಿಯದು? ದೂರದಿಂದ ತರಿಸಿದ ನೀರನ್ನೇ ಮತ್ತೆ ಮತ್ತೆ ಬಳಸಬೇಕಾಯಿತು. ಬಳಸಿದ ನೀರನ್ನು ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ನಮ್ಮ ಹೋಟೆಲುಗಳಲ್ಲಿ ಕಾಫಿ ಎತ್ತಿ ಹೊಯ್ದು ಆರಿಸುವ ಹಾಗೆ, ಅರ್ಧ ಮುಕ್ಕಾಲು ಗಂಟೆ ಹೊಯ್ಯುವುದು ಆಕೆ ಕಂಡುಕೊಂಡ ಉಪಾಯ. ತೋಳು ಸೋಲುವ ಆ ಕೆಲಸ ಮಾಡಿದವಳು ಮನೆಯ ಪುಟ್ಟ ಸೇವಕಿ. ಹವಳಗಳು ಬದುಕಿದವು. 1859ರಲ್ಲಿ ಅಚ್ಚಾದ ತನ್ನ ಬರಹದಲ್ಲಿ ಒಡತಿ ಆ ಹುಡುಗಿಯನ್ನು ನೆನೆದಿದ್ದಾಳೆ, ಹೆಸರನ್ನು ಮಾತ್ರ ಹೇಳಿಲ್ಲ.

ಹೆಸರು ಬಂದದ್ದು ಬೇರೆಯವರಿಗೆ. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ, 12 ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಎರಡು ಚಿನ್ನದ ಮೀನು, ಒಂದು ಜಾತಿಯ ನೀರುಗಿಡ, ಕೊಳೆತ ಎಲೆ ತಿನ್ನಲು ಕೆಲವು ಬಸವನಹುಳು, ಇವನ್ನಿಟ್ಟು ಬದುಕಿಸಿದ ವೃತ್ತಾಂತವನ್ನು ಲಂಡನ್ನಿನ ರಸಾಯನಶಾಸ್ತ್ರ ಸಂಘದ ಮುಂದಿಟ್ಟ. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರುತ್ತದೆ, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ. ಎಷ್ಟು ಅಚ್ಚುಕಟ್ಟು! 1853ರಲ್ಲಿ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಮತ್ಸ್ಯಗೃಹ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಪುಸ್ತಕ ಬರೆದ. ಮನೆಮನೆಯಲ್ಲೂ 'ಸಮತೋಲದ ತೊಟ್ಟಿ'ಯ ಹುಚ್ಚು ಹಿಡಿಯಿತು. ಮೀನುಗಳೂ ಸಾಯತೊಡಗಿದವು.

ಏಕೆಂದರೆ, ಗಿಡ ಆಮ್ಲಜನಕ ಬಿಡುವುದು ಬೆಳಕಿದ್ದಾಗ ಮಾತ್ರ. ಕತ್ತಲಾದ ಮೇಲೆ ಅದೂ ಮೀನಿನಂತೆಯೇ ಆಮ್ಲಜನಕ ಹೀರಿ ಇಂಗಾಲಾಮ್ಲ ಬಿಡುತ್ತದೆ. ಮುಂಜಾನೆಯ ಉಬ್ಬಸದ ಗುಟ್ಟು ಇದೇ. ರಾತ್ರಿಯಿಡೀ ತೊಟ್ಟಿಯನ್ನು ಕಾಯುವುದು ನೀರಿನ ಮೇಲ್ಮೈಯೊಂದೇ. ಅಲ್ಲಿಂದಲೇ ಕೆಟ್ಟ ಗಾಳಿ ಹೋಗಬೇಕು, ಒಳ್ಳೆಯ ಗಾಳಿ ಬರಬೇಕು. ಆದರೆ ನಿಂತ ನೀರಿನಲ್ಲಿ ಆಮ್ಲಜನಕ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತುಸಾವಿರ ಪಟ್ಟು ನಿಧಾನ. ಮೇಲಿನ ತೆಳುಪದರ ತುಂಬಿಕೊಂಡರೂ ತಳದ ಮೀನಿಗೆ ಬರಗಾಲ. ಸೆಕೆಯೂ ಶತ್ರುವೇ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲ ನೀರು, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ ಹಿಡಿದೀತು.

ಇದನ್ನು ವ್ಯವಹಾರದಿಂದ ಕಲಿತವನು ವಿಲಿಯಂ ಆಲ್ಫರ್ಡ್ ಲಾಯ್ಡ್. ತೊಟ್ಟಿಗಳ ಅಂಗಡಿಯಿಟ್ಟಿದ್ದ ಈತ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮತ್ಸ್ಯಾಲಯದಲ್ಲಿ ಪಂಪುಗಳಿಂದ ನೀರನ್ನು ಸದಾ ಓಡಾಡಿಸಿದ. ಹುಡುಗಿಯ ತೋಳಿನ ಕೆಲಸ ಯಂತ್ರಕ್ಕೆ ಬಂತೆನ್ನಿ. ಆದರೂ ಮನೆತೊಟ್ಟಿಯವರಿಗೆ ಗಿಡದ ಮೇಲಿನ ನಂಬಿಕೆ ಹೋಗಲಿಲ್ಲ. 1949ರಲ್ಲಿ ಜೇಮ್ಸ್ ಆಟ್ಜ್ ಎಂಬ ಅಮೆರಿಕದ ವಿಜ್ಞಾನಿ, ಸಮತೋಲದ ತೊಟ್ಟಿ ಬರಿಯ ಕಟ್ಟುಕತೆಯೆಂದು ನೇರವಾಗಿಯೇ ಬರೆಯಬೇಕಾಯಿತು.

ಪಂಪಿನ ಗುಳ್ಳೆಗಳನ್ನು ನೋಡಿ, ಅವೇ ನೀರಿಗೆ ಗಾಳಿ ತುಂಬುತ್ತವೆಂದು ನೀವು ಎಣಿಸಬಹುದು. ಪುಟ್ಟ ತೊಟ್ಟಿಯಲ್ಲಿ ಗುಳ್ಳೆ ಒಂದೆರಡು ಕ್ಷಣದಲ್ಲೇ ಮೇಲೇರಿಬಿಡುತ್ತದೆ. ಅದು ಕೊಡುವುದು ಸ್ವಲ್ಪ. ತಳದ ನೀರನ್ನು ಎತ್ತಿ ತಂದು ಮೇಲ್ಮೈಯನ್ನು ಕದಡುವುದೇ ಅದರ ಮುಖ್ಯ ಕೆಲಸ. ಬಾಯಿ ಕಿರಿದಾದ ಗುಂಡು ಬುರುಡೆಗಿಂತ ಅಗಲವಾದ ತೊಟ್ಟಿ ಮೇಲೆಂಬುದೂ ಇದಕ್ಕೇ. ಬುರುಡೆಯನ್ನು ಕಂಠದವರೆಗೆ ತುಂಬಿದರಂತೂ ಮೀನಿನ ಕುತ್ತಿಗೆ ಹಿಚುಕಿದಂತೆಯೇ.

ರಾತ್ರಿ ವಿದ್ಯುತ್ತು ಹೋಗಿ ಪಂಪು ನಿಂತರೆ ಗಾಬರಿ ಬೇಡ. ಒಂದು ಶುಭ್ರವಾದ ಚೊಂಬು ತೆಗೆದುಕೊಳ್ಳಿ. ಸೋಪಿನ ಅಂಶ ಇರಕೂಡದು. ತೊಟ್ಟಿಯ ನೀರನ್ನೇ ಮೊಗೆದು, ಗೇಣೆತ್ತರದಿಂದ ಮತ್ತೆ ತೊಟ್ಟಿಗೇ ಹೊಯ್ಯಿರಿ. ಹತ್ತು ನಿಮಿಷ ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಯ್ಯಿರಿ. ಕಿಟಕಿ ತೆರೆದಿರಲಿ.